ಖಾಲಿ ಉಂಗುರ

ನಾನು ಹೆಬ್ಬೆರಳಿನ ಗಾತ್ರದ ಒಂದು ಮರದ ಗೊಂಬೆ. ಚನ್ನಪಟ್ಟಣದಲ್ಲಿ ಹಾಲೆ ಮರದಿಂದ ಕಡೆದು, ಕೆಂಪು ಅರಗು ಬಳಿದು ನನ್ನನ್ನು ಮಾಡಿದರು. ಅಲ್ಲಿಂದ ಗದಗಿನ ಒಂದು ಆಸ್ಪತ್ರೆಗೆ ಬಂದೆ. ಶಬಾನಾ ಎಂಬ ಇಂಜಿನಿಯರ್ ನನ್ನ ಪಾದದಡಿ ಕಪ್ಪು-ಬಿಳುಪಿನ ಗುರುತೊಂದನ್ನು ಅಂಟಿಸಿದಳು.

ಅವಳ ಮೇಜಿಗೆ ಗಾಜಿನ ಹಾಸು, ಕೆಳಗೆ ಕ್ಯಾಮೆರಾ. ನನ್ನನ್ನು ಎಲ್ಲಿಟ್ಟರೂ ಕ್ಯಾಮೆರಾ ಆ ಗುರುತನ್ನು ಹಿಡಿಯುತ್ತಿತ್ತು. ನನ್ನ ಸುತ್ತ ಬೆಳಕಿನ ಉಂಗುರ ಮೂಡುತ್ತಿತ್ತು. ಗಾಜಿನ ಮೇಲೆ ರೋಗಿಯ ಮನೆಯ ನಕ್ಷೆ ಕಾಣುತ್ತಿತ್ತು. ಮಾತು ಬಿದ್ದುಹೋದ ರೋಗಿಗಳು ನನ್ನನ್ನು ಸರಿಸಿಯೇ ಮಾತಾಡುತ್ತಿದ್ದರು. ಅಡುಗೆಮನೆಗೆ ಸರಿಸಿದರೆ ಹಸಿವು, ಬಚ್ಚಲಿಗೆ ಸರಿಸಿದರೆ ಸ್ನಾನ.

ಲಕ್ವ ಹೊಡೆದ ನೇಕಾರ ಬಸವಣ್ಣೆಪ್ಪ ಮಾತ್ರ ಹಸಿವನ್ನೂ ಹೇಳಲಿಲ್ಲ, ಸ್ನಾನವನ್ನೂ ಕೇಳಲಿಲ್ಲ. ನಡುಗುವ ಎಡಗೈಯಿಂದ ನನ್ನನ್ನು ಹಿತ್ತಲ ಬಾಗಿಲು ದಾಟಿಸಿ, ಒಂದು ಮೂಲೆಯಲ್ಲಿಟ್ಟು ಒತ್ತುತ್ತಿದ್ದ. ಕಣ್ಣಲ್ಲಿ ನೀರು ತುಂಬಿರುತ್ತಿತ್ತು.

"ಅಜ್ಜಾರು ದಿನಾ ಅಲ್ಲೇ ಯಾಕ ಇಡ್ತಾರ, ಅಜ್ಜಿ?" ಶಬಾನಾ ಕೇಳಿದಳು.

"ಅಲ್ಲೇನೈತ್ರಿ? ಬರೇ ಬಯಲು," ಎಂದಳು ಅವನ ಹೆಂಡತಿ ನೀಲವ್ವ.

ಒಂದು ಮಧ್ಯಾಹ್ನ ಅವನು ತೀರಿಕೊಂಡ. ಶಬಾನಾ ನನ್ನನ್ನು ಡಬ್ಬಿಯೊಳಗೆ ಇಟ್ಟಳು, ಮುಚ್ಚಳ ಹಾಕಿರಲಿಲ್ಲ. ಆಗ ಗಾಜಿನ ಮೇಲೆ ಉಂಗುರ ಮೂಡಿತು. ಅದರೊಳಗೆ ಏನೂ ಇರಲಿಲ್ಲ. ಅದು ಅವನ ಕೈಯಂತೆಯೇ ನಡುಗುತ್ತ, ಹಿತ್ತಲ ಬಾಗಿಲು ದಾಟಿ, ಅದೇ ಮೂಲೆಗೆ ಹೋಗಿ ನಿಂತಿತು. ಶಬಾನಾ ಗಾಜು ಒರೆಸಿದಳು. ಯಂತ್ರ ಆರಿಸಿ ಮತ್ತೆ ಹಚ್ಚಿದಳು. ಉಂಗುರ ಮತ್ತೆ ಹೊರಟಿತು.

ಗಂಡನ ಚಾದರ ಒಯ್ಯಲು ಬಂದ ನೀಲವ್ವ ಅದನ್ನು ನೋಡಿ ಮೇಜಿನ ಬಳಿ ಬಂದಳು.

"ಅಲ್ಲಿ ಹಳೇ ಬಾವಿ ಇತ್ತ್ರೀ. ನಮ್ಮ ಮಗಳು ಗಂಗಿ ಸಂತ್ಯಾಗ ಕಳದ್ಲು ಅಂತ ಇವರ ಬಂದು ಹೇಳಿದ್ರು. ಮರುದಿನಾನ ಬಾವಿಗೆ ಮಣ್ಣು ತುಂಬಿಸಿದ್ರು. ನಾ ಊರೂರು ಹುಡುಕಿದೆ." ಅವಳು ಉಂಗುರದತ್ತ ಬಾಗಿದಳು. "ನಿಮಗ ಗೊತ್ತಿತ್ತೇನ್ರೀ? ಕೂಸು ಮನ್ಯಾಗ ಇತ್ತೇನ್ರೀ?"

ಉಂಗುರ ಒಮ್ಮೆ ನಡುಗಿ ಆರಿತು. ಮತ್ತೆಂದೂ ಬರಲಿಲ್ಲ.

ಬಾವಿ ಅಗೆಸಿದ ಮೇಲೆ ನೀಲವ್ವ ಮತ್ತೆ ಬಂದಳು.

"ಸಿಕ್ಕಳ್ರೀ. ಕಾಲಾಗಿನ ಗೆಜ್ಜಿ ಹಂಗ ಐತಿ. ಆ ಗೊಂಬಿ ನನಗ ಕೊಡ್ರೆವ್ವಾ."

ಈಗ ನಾನು ಅವಳ ಮನೆಯ ಗೋಡೆಗೂಡಿನಲ್ಲಿದ್ದೇನೆ. ನನ್ನ ಬಣ್ಣ ಕಿತ್ತುಹೋಗಿದೆ, ಪಾದದ ಗುರುತು ಅಳಿಸಿದೆ. ಇನ್ನು ಯಾವ ಯಂತ್ರವೂ ನನ್ನನ್ನು ಗುರುತಿಸದು. ನೀಲವ್ವ ಮುಂಜಾನೆ ನೀರಿಗೆ ಹೋದಾಗ ಮನೆ ಸುಮ್ಮನಾಗುತ್ತದೆ. ಆಗ ಪುಟ್ಟ ಕೈಯೊಂದು ನನ್ನನ್ನು ಎತ್ತಿಕೊಳ್ಳುತ್ತದೆ. ತಣ್ಣಗಿನ, ಒದ್ದೆ ಕೈ. ಮೊದಮೊದಲು ಹೆದರುತ್ತಿದ್ದೆ. ಈಗ ಗಂಗಿ ಬರುವುದು ತಡವಾದರೆ ಕಾಯುತ್ತೇನೆ.