ಹಿಂಗೈಯಲ್ಲಿ ಮುಟ್ಟು

ಏಣಿಯ ಮೇಲೆ ನಿಂತ ಚಿತ್ರಾ ಕಪ್ಪು ಕೇಬಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಅದಕ್ಕೆ ಆಸರೆಯಾಗುವ ಕಬ್ಬಿಣದ ತಂತಿಯನ್ನು ಗೋಡೆಯ ಕೊಂಡಿಗೆ ಸುತ್ತುತ್ತಿದ್ದಳು. ಹಿತ್ತಿಲಿನ ಆಚೆ ಬದಿಯಲ್ಲಿ, ತನ್ನ ಮನೆಯ ಸಜ್ಜೆಯ ಮೇಲಿಂದ ಚಿಕ್ಕಪ್ಪ ಭೀಮರಾಜ್ ಕೂಗಿದ.

"ಇನ್ನೂ ಎಳಿ ಮಗಾ. ಹಿಂಗೆ ಜೋತು ಬಿದ್ರೆ ಕೋತಿಗಳು ಉಯ್ಯಾಲೆ ಆಡ್ತವೆ."

ಬಾಯಲ್ಲಿ ಕೇಬಲ್ ಇದ್ದುದರಿಂದ ಅವಳು ತಲೆ ಮಾತ್ರ ಅಲ್ಲಾಡಿಸಿದಳು. ಚಿಕ್ಕಪ್ಪನ ಮನೆಗೆ ಬಂದಿದ್ದ ಇಂಟರ್ನೆಟ್ಟು ಈ ಕೇಬಲ್ಲಿನಲ್ಲಿ ತನ್ನ ಕೋಣೆಯ ಕಂಪ್ಯೂಟರಿಗೆ ಬಂದುಬಿಟ್ಟರೆ, ಲಗ್ನಪತ್ರಿಕೆಗಳನ್ನು ಮನೆಯಲ್ಲೇ ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸಬಹುದು. ದಿನಾ ಅರಸೀಕೆರೆಯ ಬಸ್ಸು ಹತ್ತಿ, ಅಪ್ಪನನ್ನು ಒಬ್ಬನನ್ನೇ ಬಿಟ್ಟು ಹೋಗಬೇಕಿಲ್ಲ.

ತಂತಿ ಸುತ್ತಿ ಮುಗಿದ ಮೇಲೆ ಅವಳಿಗೆ ಗೊತ್ತಾಯಿತು. ಗೋಡೆಯಲ್ಲಿ ಎಲ್ಲಿ ಬೇಕಾದರೂ ಒಂದು ಮೊಳೆ ಹೊಡೆಯಬಹುದಿತ್ತು. ಕೈ ಮಾತ್ರ ತಾನಾಗಿ ಹಳೆಯ ಕೊಂಡಿಗೇ ಹೋಗಿತ್ತು. ಅವ್ವ ಬಟ್ಟೆ ಒಣಹಾಕುತ್ತಿದ್ದ ತಂತಿಯ ಕೊಂಡಿ.

ವರ್ಷಗಳ ಹಿಂದೆ, ರಾತ್ರಿಯೆಲ್ಲ ಮಳೆ ಹುಯ್ದ ಒಂದು ಬೆಳಗ್ಗೆ, ಕೊಟ್ಟಿಗೆಯ ಬಲ್ಬಿಗೆ ಹೋಗುವ ವೈರು ಎಲ್ಲೋ ಸುಲಿದು ಆ ತಂತಿಗೆ ತಾಗಿತ್ತು. ಚಿತ್ರಾ ಅಡಿಗೆಮನೆಯ ಬಾಗಿಲಿಂದ ನೋಡಿದಾಗ ಅವ್ವ ಗಿಡ್ಡಮ್ಮ ಒದ್ದೆ ಜಮಖಾನದ ಹಿಂದೆ ತಂತಿ ಹಿಡಿದು ನಿಂತೇ ಇದ್ದಳು. ಬಟ್ಟೆ ಹಾಕುತ್ತಿದ್ದಾಳೆ ಅಂದುಕೊಂಡು ಅವಳು ಒಳಗೆ ಹೋಗಿ ಹಾಲಿಳಿಸಿ ಬಂದಿದ್ದಳು. ಆಗಲೂ ಅವ್ವ ತಂತಿ ಬಿಟ್ಟಿರಲಿಲ್ಲ.

ಆಮೇಲೆ ಬಂದ ಲೈನ್‌ಮನ್, ಅಪ್ಪ ಹೊನ್ನಯ್ಯನಿಗೆ ಒಂದೇ ಮಾತು ಹೇಳಿ ಹೋಗಿದ್ದ: "ಅನುಮಾನ ಇದ್ರೆ ಹಿಂಗೈಯಲ್ಲಿ ಮುಟ್ಟಿ ಯಜಮಾನ್ರೇ. ಅಂಗೈ ಆದ್ರೆ ಹಿಡ್ಕಂಡ್ಬಿಡ್ತದೆ. ಹಿಂಗೈ ಆದ್ರೆ ಒದ್ದು ಎಸೀತದೆ." ಅಂದಿನಿಂದ ಹೊನ್ನಯ್ಯ ನಲ್ಲಿಯನ್ನು, ಕಿಟಕಿಯ ಸರಳನ್ನು, ಬಸ್ಸಿನ ಕಂಬಿಯನ್ನು, ಉಣ್ಣುವ ತಟ್ಟೆಯನ್ನು ಸಹ ಮೊದಲು ಹಿಂಗೈಯಲ್ಲಿ ಸವರಿಯೇ ಹಿಡಿಯುತ್ತಿದ್ದ. ಒಮ್ಮೆ ಜ್ವರ ಬಂದಾಗ ಚಿತ್ರಾಳ ಹಣೆಯನ್ನೂ ಹಾಗೆಯೇ ಮುಟ್ಟಿದ್ದ. ಜ್ವರ ನೋಡಿದನೋ ಇನ್ನೇನು ನೋಡಿದನೋ ಅವಳಿಗೆ ತಿಳಿದಿರಲಿಲ್ಲ. ಹಿತ್ತಿಲಲ್ಲಿ ಮತ್ತೆ ತಂತಿ ಕಟ್ಟಿರಲಿಲ್ಲ. ಬಟ್ಟೆಗಳು ಕಾಂಪೌಂಡಿನ ಚಪ್ಪಡಿಯ ಮೇಲೆ ಒಣಗುತ್ತಿದ್ದವು.

"ಏನ್ಲಾ ಭೀಮ ಇದು?"

ಜಾವಗಲ್ಲಿಗೆ ಹೋಗಿದ್ದ ಹೊನ್ನಯ್ಯ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಚಿತ್ರಾಳ ಬಾಯಿಂದ ಕೇಬಲ್ ಜಾರಿತು. ಅವನು ಬರುವುದರೊಳಗೆ ಮುಗಿಸಿಬಿಡಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಭೀಮರಾಜ್ ಇಳಿದು ಓಡಿ ಬಂದ. "ಇಂಟರ್ನೆಟ್ಟಿಂದು ಕಣಣ್ಣ. ಇದ್ರಾಗೆ ಮನೆ ಕರೆಂಟು ಇರಾಕಿಲ್ಲ. ಬರೀ ಮಾತು ಓಡ್ತದೆ. ಮಾತು ತಾಗಿ ಯಾರಾದ್ರೂ ಸತ್ತವ್ರಾ?"

"ನಿನ್ ಹೆಂಡ್ತಿ ಮಾತು ಕೇಳ್ದೋರು ಅರ್ಧ ಸತ್ತೋರೆ," ಎಂದ ಹೊನ್ನಯ್ಯ. ಮುಖದಲ್ಲಿ ನಗುವಿರಲಿಲ್ಲ. ಅವನ ಕಣ್ಣು ಕೊಂಡಿಯ ಮೇಲಿತ್ತು.

"ಅಪ್ಪ, ಏನೂ ಆಗಲ್ಲ," ಎಂದಳು ಚಿತ್ರಾ. "ಬೇಡ ಅಂದ್ರೆ ಈಗ್ಲೇ ಬಿಚ್ತೀನಿ. ಆದ್ರೆ ಏನೂ ಆಗಲ್ಲ, ನನ್ನಾಣೆ."

"ಇಳಿ."

ಅವಳು ಇಳಿದಳು. ಅವನು ಹತ್ತಿದ. ಬಲಗೈಯನ್ನು ಮಗುಚಿ, ಬೆರಳ ಗೆಣ್ಣುಗಳನ್ನು ಮೆಲ್ಲನೆ ತಂತಿಗೆ ತಾಗಿಸಿದ. ಕೈ ಎಲ್ಲಿತ್ತೋ ಅಲ್ಲೇ ಇತ್ತು. ಕೇಬಲ್ಲಿನ ಮೇಲೂ ಸವರಿದ. ಆಮೇಲೆ ಕಣ್ಣು ಮುಚ್ಚಿ ಕೈ ತಿರುಗಿಸಿ, ಅಂಗೈಯಲ್ಲಿ ತಂತಿಯನ್ನು ಹಿಡಿದುಬಿಟ್ಟ. ಭೀಮರಾಜ್ ಏಣಿಯನ್ನು ಬಿಗಿಯಾಗಿ ಅಮುಕಿಕೊಂಡ. ಬೇವಿನ ಮರದಲ್ಲಿ ಕಾಗೆಯೊಂದು ಕೂಗುತ್ತಲೇ ಇತ್ತು. ಹೊನ್ನಯ್ಯ ಹಿಡಿದೇ ಇದ್ದ.

"ಬಿಡಪ್ಪ," ಎಂದಳು ಚಿತ್ರಾ.

ಅವನು ಬಿಟ್ಟ. ಅಂಗೈ ನೋಡಿಕೊಂಡ. "ಸತ್ತಂಗೈತೆ," ಎಂದ. "ಇರ್ಲಿ ಬಿಡು. ನೀ ಮನೇಲೇ ಇರಂಗಾದ್ರೆ ಸಾಕು."

ಭೀಮರಾಜ್ ಉಸಿರುಬಿಟ್ಟು ಬೀಡಿಗೆ ಕೈಹಾಕಿದ. ಹೊನ್ನಯ್ಯ ಇಳಿದು ಸೀದಾ ಬಚ್ಚಲಿಗೆ ನಡೆದ. ಬೆಳಗ್ಗೆ ಒಗೆದಿಟ್ಟಿದ್ದ ಹಸಿರು ಸೀರೆಯನ್ನು ಹಿಂಡುತ್ತ ಹೊರಬಂದ. ಗಿಡ್ಡಮ್ಮನ ಸೀರೆ. ರಾತ್ರಿ ಅವನು ಹೊದ್ದು ಮಲಗುತ್ತಿದ್ದದ್ದು ಅದನ್ನೇ. ನಡೆದಷ್ಟೂ ದೂರ ನೀರು ತೊಟ್ಟಿಕ್ಕಿತು.

"ಕಲ್ಲಿನ ಮ್ಯಾಲೆ ಹಾಕಿ ಹಾಕಿ ಸವೆದೋಯ್ತು," ಎಂದ. ಅವನ ಮುಖ ಎಷ್ಟೋ ವರ್ಷಗಳಿಂದ ಅವಳು ಕಾಣದಷ್ಟು ಹಗುರವಾಗಿತ್ತು. "ಗಾಳಿಗೆ ಒಸಿ ಆಡ್ಲಿ. ಏಣಿ ಅಲ್ಲೇ ಐತೆ, ಆ ತಂತಿ ಮ್ಯಾಲೆ ಹಾಕವ್ವ."

ತೊಟ್ಟಿಕ್ಕುವ ಸೀರೆಯಲ್ಲಿ ಆ ಒದ್ದೆ ಜಮಖಾನವೇ ಕಂಡು, ಚಿತ್ರಾ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ನೀನೇ ಹೇಳ್ದಲ್ಲ, ಏನೂ ಆಗಲ್ಲ ಅಂತ. ತಗೋ."

"ನಾನು ಹಾಕಲ್ಲ," ಎಂದಳು.