ನಲವತ್ತೊಂದು ಕಿಲೋದ ಚಂದ್ರಾಬಾಯಿ

ಟಿಕೋಟಾದ ಮುರ್ತುಜಾಸಾಬರ ಶೆಡ್ಡಿನಲ್ಲಿ, ಒಣದ್ರಾಕ್ಷಿ ತೂಗುವ ಯಂತ್ರದ ಮೇಲೆ ಡಾಕ್ಟರ್ ಶಿವಾಜಿ ಹತ್ತಿ ನಿಂತಾಗ ಮುಳ್ಳು ತೊಂಬತ್ತಾರಕ್ಕೆ ಹೋಗಿ ನಡುಗುತ್ತ ನಿಂತಿತು. ಅವರು ಬೂಟು ಕಳಚಿದರು. ಕನ್ನಡಕ ತೆಗೆದರು. ಉಸಿರನ್ನೆಲ್ಲ ಹೊರಗೆ ಬಿಟ್ಟರು. ಮುಳ್ಳು ತೊಂಬತ್ತೈದಕ್ಕೆ ಇಳಿದು ಅಲ್ಲೇ ಹಟ ಹಿಡಿಯಿತು.

“ಆಗೂದಿಲ್ರಿ ಸರ್,” ಎಂದ ಅಶ್ಫಾಕ. “ಲಡಾಖಿನ ಎತ್ತರದಾಗ ಗಾಳಿ ತೆಳ್ಳಗಿರ್ತದ. ನೀವು ಕೂತ್ರಿ ಅಂದ್ರ ನಮ್ಮದು ವಿಮಾನ ಅಲ್ಲ, ದೋಣಿ.”

ಅಶ್ಫಾಕ ಮುರ್ತುಜಾಸಾಬರ ಮಗ. ಪುಣೆಯ ಒಂದು ಸರೋವರ ಸಂಶೋಧನಾ ಸಂಸ್ಥೆಯಲ್ಲಿ ಪೈಲಟ್. ಶೆಡ್ಡಿನ ಮೂಲೆಯಲ್ಲಿ ರೆಕ್ಕೆ ಮಡಚಿಕೊಂಡು ಕೂತಿದ್ದ ಪುಟ್ಟ ವಿಮಾನ ಆ ಸಂಸ್ಥೆಯದೇ. ಅದು ನೆಲದ ಮೇಲೂ ಇಳಿಯುತ್ತಿತ್ತು, ನೀರಿನ ಮೇಲೂ ಇಳಿಯುತ್ತಿತ್ತು. ಒಳಗೆ ಇದ್ದದ್ದು ಎರಡೇ ಸೀಟು. ಲಡಾಖಿನ ಬೆಟ್ಟಗಳ ನಡುವೆ, ಹುಲ್ಲೂ ಹುಟ್ಟದ ಮರುಭೂಮಿಯಲ್ಲಿ, ರಸ್ತೆಯೇ ಹೋಗದ ಸರೋವರಗಳಿವೆ. ಅವುಗಳ ಮೇಲೆ ಇಳಿದು ಪರೀಕ್ಷೆಗೆ ನೀರು ತುಂಬಿ ತರಬೇಕಿತ್ತು. ಶಿವಾಜಿ ಆ ಕೆಲಸದ ಮುಖ್ಯಸ್ಥರು. ಹೊರಡುವ ಮೊದಲು ಎರಡು ವಾರ ಬಬಲೇಶ್ವರದ ಕಡೆಯ ಕೆರೆಯಲ್ಲಿ ರೂಢಿ ಮಾಡಿಕೊಳ್ಳೋಣವೆಂದು ಬಂದಿದ್ದರು. ಪರವಾನಗಿ, ಪೆಟ್ರೋಲು, ಆಕ್ಸಿಜನ್ ಎಲ್ಲದರ ಯೋಚನೆಯೂ ಆಗಿತ್ತು. ಶಿವಾಜಿಯವರ ಹೊಟ್ಟೆಯ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ.

“ನಲವತ್ತೈದು ಕಿಲೋದೊಳಗಿರಬೇಕು. ನೀರು ಹಿಡಿಯೂ ಪದ್ಧತಿನೂ ಗೊತ್ತಿರಬೇಕು. ಅಂಥವರು ಯಾರದಾರ್ರೀ ಸರ್?”

ಶಿವಾಜಿ ಬೂಟು ಹಾಕಿಕೊಳ್ಳುತ್ತ, “ಒಬ್ಬಾಕಿ ಅದಾಳ,” ಎಂದರು.

ಆ ಒಬ್ಬಾಕಿ ಚಂದ್ರಾಬಾಯಿ. ಮನೆ ಇಬ್ರಾಹಿಂಪುರದ ರೈಲ್ವೆ ಹಳಿಯ ಪಕ್ಕ. ವಿಜಯಪುರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಶಿವಾಜಿ ನೌಕರಿ ಶುರು ಮಾಡಿದ್ದೂ ಅದೇ ಲ್ಯಾಬಿನಲ್ಲಿ. ಚಂದ್ರಾಬಾಯಿಯ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಲ್ಯಾಬಿನ ಯಾವ ಗ್ರೂಪ್ ಫೋಟೋದಲ್ಲೂ ಅವಳಿಗೆ ನೆಲವೇ ಗತಿ. ಒಂದರಲ್ಲಂತೂ ಹೂಕುಂಡದ ಹಿಂದೆ ಬೈತಲೆ ಮಾತ್ರ ಕಾಣುತ್ತದೆ. ಗಾಂಧಿ ಚೌಕದ ಅಂಗಡಿಯವರು ಅವಳ ತಲೆಯ ಮೇಲಿನಿಂದಲೇ ಹಿಂದೆ ನಿಂತವರಿಗೆ “ಏನ್ ಬೇಕ್ರಿ?” ಎಂದು ಕೇಳುತ್ತಿದ್ದರು.

ಫೋನು ಎತ್ತಿದ ಸೊಸೆ ಯಶೋಧರಾ ಗಾಬರಿಯಿಂದ ಬಂದಳು. “ಅತ್ತಿ, ವಿಮಾನದಾಗ ಹೋಗಿ ನೀರು ತುಂಬ್ಕೊಂಡು ಬರಬೇಕಂತ.”

“ನಳ ಬರಲಾರದ ಊರು ಯಾವ್ದಬೇ ಅದು?” ಎಂದಳು ಚಂದ್ರಾಬಾಯಿ. ಆದರೆ ಮಾರನೆಯ ದಿನ ಮೊದಲ ಬಸ್ಸಿಗೇ ಟಿಕೋಟಾಕ್ಕೆ ಹೋದಳು.

ಯಂತ್ರದ ಮುಳ್ಳು ನಲವತ್ತೊಂದಕ್ಕೆ ನಿಂತಿತು. ಅಶ್ಫಾಕ ಕೈ ಮುಗಿದುಬಿಟ್ಟ. ಮದುವೆಯ ದಿನವೂ ತನ್ನನ್ನು ನೋಡಿ ಯಾರಾದರೂ ಇಷ್ಟು ಖುಷಿಪಟ್ಟದ್ದು ನೆನಪಿಲ್ಲ ಚಂದ್ರಾಬಾಯಿಗೆ.

ಕೆರೆಯ ಮೊದಲ ದಿನವೇ ಫಜೀತಿಯಾಯಿತು. ವಿಮಾನ ನೀರು ಸೀಳಿಕೊಂಡು ಚೆನ್ನಾಗಿಯೇ ಇಳಿಯಿತು. ಚಂದ್ರಾಬಾಯಿ ಕಣ್ಣು ತೆರೆದು, ಬಾಟಲಿ ಕೈಗೆತ್ತಿಕೊಳ್ಳುವಷ್ಟರಲ್ಲಿ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಮರೆಪ್ಪ, “ಬಿದ್ದದ ಬರ್ರೋ!” ಎಂದು ಕೂಗಿ ಹಗ್ಗದ ಸಮೇತ ನೀರಿಗೆ ಧುಮುಕಿದ. ಬಂದವನೇ ವಿಮಾನದ ಬಾಲಕ್ಕೆ ಹಗ್ಗ ಬಿಗಿದ.

“ಏ ಯಪ್ಪಾ, ನಾವು ಬಿದ್ದಿಲ್ಲೋ, ಇಳದೀವಿ!” ಎಂದಳು ಚಂದ್ರಾಬಾಯಿ.

“ಬಿದ್ದವರೆಲ್ಲ ಹಂಗ ಅಂತಾರಬೇ. ಅಂಜಬ್ಯಾಡ, ಗಟ್ಟಿ ಹಿಡ್ಕೋ.”

ಹಗ್ಗದ ಇನ್ನೊಂದು ತುದಿ ಎರಡು ಎಮ್ಮೆಗಳ ಕೊರಳಲ್ಲಿತ್ತು. ವಿಮಾನ ಹಿಮ್ಮುಖವಾಗಿ ದಂಡೆಗೆ ಬಂತು. ಸೇರಿದ ಜನ ಚಪ್ಪಾಳೆ ಹೊಡೆದರು. ಯಾರೋ ಚಂದ್ರಾಬಾಯಿಗೆ ಸಕ್ಕರೆ ನೀರು ಕುಡಿಸಿದರು. ಮುಂದಿನ ಎರಡು ವಾರವೂ ಮರೆಪ್ಪ ದಿನಾ ಹಗ್ಗ ಹಿಡಿದು ಬಂದು ಕೂರುತ್ತಿದ್ದ. ಏಳೆಂಟು ಸಲ ಇಳಿದು ಹಾರಿದ್ದನ್ನು ಕಂಡ ಮೇಲೂ ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಆಮೇಲೆ ರೆಕ್ಕೆ ಮಡಚಿದ ವಿಮಾನ ಲಾರಿಯಲ್ಲಿ ಲೇಹ್‌ಗೆ ಹೋಯಿತು. ಹಿಂದಿನಿಂದ ಮೂವರೂ ಹೋದರು. ವಿಮಾನದಲ್ಲಿ ಊಟದ ಸಾಮಾನು ಒಂದು ಕಿಲೋ ಮೀರಬಾರದೆಂದು ಅಶ್ಫಾಕ ಕಟ್ಟಪ್ಪಣೆ ಮಾಡಿದ್ದ. ಚಂದ್ರಾಬಾಯಿ ತಲೆಯಾಡಿಸಿದ್ದಳು. ತಲೆಯಾಡಿಸಿ, ಯಶೋಧರಾ ಕಟ್ಟಿಕೊಟ್ಟ ನಾಲ್ಕು ಕಿಲೋ ಕಟಕರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಸೀಟಿನ ಕೆಳಗೆ ತುರುಕಿದ್ದಳು.

ಮೊದಲ ಸರೋವರಕ್ಕೆ ನಕಾಶೆಯಲ್ಲಿ ಹೆಸರೂ ಇರಲಿಲ್ಲ, ಬರೀ ಹದಿನೇಳು ಎಂಬ ನಂಬರು. ಸುತ್ತ ಬೋಳು ಬೆಟ್ಟ, ಬೂದುಬಣ್ಣದ ಮರಳು. ಒಂದು ತಿರುವು ದಾಟಿದ್ದೇ ತಡ ನೀರು ಕಂಡಿತು. ಚಂದ್ರಾಬಾಯಿಗೆ ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ಕರಗಿಸಿಟ್ಟ ಮೈಲುತುತ್ತದ ನೆನಪಾಯಿತು. ಅದೇ ಬಣ್ಣ. ಅದನ್ನು ಯಾರೋ ಬೆಟ್ಟಗಳ ನಡುವೆ ಸುರಿದು ಮರೆತು ಹೋದಂತಿತ್ತು. “ಯವ್ವಾ,” ಎಂದಳು, ಕಿಟಕಿಯ ಗಾಜಿಗೆ ಮೂಗು ಒತ್ತಿ.

ಇಳಿದ ಮೇಲೆ ಕೆಲಸಕ್ಕೆ ಕೂತಳು. ಕೈ ಕೊರೆಯುವ ನೀರಿನಲ್ಲಿ, ಒಂದೊಂದು ಆಳದ್ದು ಒಂದೊಂದರಂತೆ, ಎರಡೆರಡು ಲೀಟರಿನ ಹನ್ನೆರಡು ಬಾಟಲಿ ತುಂಬಿ ಚೀಟಿ ಅಂಟಿಸಿದಳು. ಅಶ್ಫಾಕ ಇಂಜಿನ್ ಶುರು ಮಾಡಿದ. ವಿಮಾನ ನೀರಿನ ಮೇಲೆ ಈ ದಂಡೆಯಿಂದ ಆ ದಂಡೆಗೆ ಅಬ್ಬರಿಸುತ್ತ ಓಡಿತು. ಏಳಲಿಲ್ಲ. ತಿರುಗಿ ಈ ದಂಡೆಗೆ ಓಡಿ ಬಂತು. ಆಗಲೂ ಏಳಲಿಲ್ಲ.

“ಬಾಯಾರ, ಖರೇ ಹೇಳ್ರಿ. ಏನರ ಮುಚ್ಚಿಟ್ಟೀರೇನು?”

ಚಂದ್ರಾಬಾಯಿ ಮೆಲ್ಲಗೆ ಗಂಟು ಹೊರಗೆಳೆದಳು. ಅಶ್ಫಾಕನಿಗೆ ಸಿಟ್ಟು ಬರಬೇಕಿತ್ತು, ಆದರೆ ಚಟ್ನಿಯ ವಾಸನೆಗೆ ಹಸಿವೇ ಮೊದಲು ಬಂತು. “ತಿಂದು ಖಾಲಿ ಮಾಡೂಣ್ರಿ, ಹಗುರಾಗ್ತದ.”

“ಹೆಂಗ ಹಗುರಾಗ್ತದೋ? ರೊಟ್ಟಿ ಹೊಟ್ಟ್ಯಾಗ ಹೋಗ್ತದ, ಹೊಟ್ಟಿ ವಿಮಾನದಾಗ ಕುಂದರ್ತದ.”

ದಂಡೆಯಲ್ಲಿ ಕುರಿ ಕಾಯುವವರ ಒಂದು ಕಪ್ಪು ಡೇರೆಯಿತ್ತು. ವಿಮಾನವನ್ನು ದಡಕ್ಕೆ ಹತ್ತಿಸಿ, ಚಂದ್ರಾಬಾಯಿ ಗಂಟು ಹೊತ್ತು ಏದುಸಿರು ಬಿಡುತ್ತ ಅಲ್ಲಿಗೆ ಹೋದಳು. ಜಪಸರ ತಿರುಗಿಸುತ್ತ ಕೂತಿದ್ದ ಮುದುಕಿಯೊಬ್ಬಳು ತಲೆಯೆತ್ತಿದಳು. ಅವಳ ಮಾತು ಇವಳಿಗೆ ತಿಳಿಯದು, ಇವಳ ಮಾತು ಅವಳಿಗೆ ತಿಳಿಯದು. ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ದಿನಾ ಅನ್ನುವಂತೆ ಚಂದ್ರಾಬಾಯಿ “ನಮೋ ಬುದ್ಧಾಯ” ಎಂದಳು. “ಬುದ್ಧ!” ಎಂದಳು ಮುದುಕಿ, ಮುಖವೆಲ್ಲ ನಗುವಾಗಿ. ಅಲ್ಲಿಂದ ಮುಂದೆ ಮಾತು ಬೇಕಾಗಲಿಲ್ಲ. ಉಪ್ಪು ಹಾಕಿದ ಚಹಾ ಬಂತು. ರೊಟ್ಟಿ ಮುರಿದ ಸದ್ದಿಗೆ ಡೇರೆಯವರೆಲ್ಲ ನಕ್ಕರು. ಹೊರಟು ನಿಂತಾಗ ಮುದುಕಿ ಬರಿಗೈಯಲ್ಲಿ ಕಳಿಸಲು ಒಪ್ಪಲೇ ಇಲ್ಲ.

ಚಂದ್ರಾಬಾಯಿ ವಾಪಸು ಬಂದಾಗ ಬಗಲಲ್ಲಿ ಒಂದು ಉಣ್ಣೆಯ ಕಂಬಳಿ, ತಲೆಯ ಮೇಲೆ ಯಾಕ್ ಹಾಲಿನ ಒಣ ಗಿಣ್ಣಿನ ಚೀಲ ಇದ್ದವು. ಎರಡೂ ಸೇರಿ ಆರು ಕಿಲೋಕ್ಕೆ ಕಮ್ಮಿಯಿಲ್ಲ.

ಅಶ್ಫಾಕ ಮರಳಿನಲ್ಲಿ ಕುಸಿದು ಕೂತ. “ನಾಲ್ಕು ಕಿಲೋ ಇಳಿಸೂದಕ್ಕ ಹೋಗಿ ಆರು ಕಿಲೋ ಹೊತ್ಕೊಂಡ ಬಂದೀರಲ್ರಿ!”

“ಪ್ರೀತಿಲೇ ಕೊಟ್ಟದ್ದು ಬ್ಯಾಡಂತ ಹೆಂಗ ಅನ್ಲಿ?”

ಅವಳೂ ಪಕ್ಕದಲ್ಲಿ ಕೂತಳು. ಇಲ್ಲಿಂದ ನಡೆದರೆ ರಸ್ತೆ ಸಿಗಲು ಮೂರು ದಿನ. ಕಣ್ಣು ಬಾಟಲಿಗಳ ಮೇಲೆ ಹೋಯಿತು. “ಎರಡು ಲೀಟರ್ ಯಾಕ ಬೇಕು?”

“ಸರ್ ಹೇಳ್ಯಾರ. ಪದ್ಧತಿ ಅದ.”

“ಪದ್ಧತಿ! ಅವರು ತೊಗೊಳ್ಳೂದು ಒಂದ ಲೋಟ. ಉಳಿದದ್ದು ಮೂವತ್ತೊಂದು ವರ್ಷ ನಾನ ಚೆಲ್ಲೇನಿ. ಲ್ಯಾಬಿನ ಹಿಂದಿನ ಕರಿಬೇವು ಬೆಳೆದದ್ದ ಆ ನೀರಿಗೆ.”

“ಸ್ಯಾಟಲೈಟ್ ಫೋನ್ ಹಚ್ಚಿ ಸರ್‌ಗೆ ಕೇಳ್ಲೇನು?”

“ಕೇಳಿದ್ರ ಬ್ಯಾಡಂತಾರ. ಚೆಲ್ಲಿ ಹೇಳೂಣು.”

ಹೇಳುವುದೇನೋ ಹೇಳಿದಳು; ಮೊದಲ ಬಾಟಲಿಯ ಮುಚ್ಚಳ ಅರ್ಧ ತಿರುಗಿಸಿ ಮತ್ತೆ ಬಿಗಿ ಮಾಡಿದಳು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ತಾನಾಗಿ ಏನನ್ನೂ ಮಾಡಿದವಳೂ ಅಲ್ಲ. ತಪ್ಪಾದರೆ ಇಷ್ಟು ದೂರ ಬಂದದ್ದೆಲ್ಲ ನೀರುಪಾಲು. ಆಮೇಲೆ ಬಾಟಲಿಯನ್ನು ಚೆನ್ನಾಗಿ ಕುಲುಕಿದಳು.

“ಕುಲುಕಿ ಚೆಲ್ಲಬೇಕೋ,” ಎಂದಳು, ದನಿ ಗಟ್ಟಿಯಾಗಿತ್ತು. “ಇಲ್ಲಂದ್ರ ತಳದಾಗಿಂದು ತಳದಾಗ ಉಳೀತದ, ಲೆಕ್ಕ ತಪ್ತದ. ಅರ್ಧ ಲೀಟರ್ ಇಡು, ಸಾಕು.”

ಹದಿನೆಂಟು ಲೀಟರು ನೀರು ಸರೋವರಕ್ಕೇ ವಾಪಸು ಹೋಯಿತು. ಅಷ್ಟರಲ್ಲಿ ಗಾಳಿಯೂ ಎದ್ದಿತ್ತು. ಈ ಸಲ ವಿಮಾನ ಅರ್ಧ ದೂರ ಓಡುವಷ್ಟರಲ್ಲಿ ಕೆಳಗಿನ ದಡದಡ ಸದ್ದು ತಟ್ಟನೆ ನಿಂತು, ನೀರು ಕೆಳಗೆ ಉಳಿಯಿತು. ಡೇರೆಯ ಮುಂದೆ ಯಾರೋ ಕೈ ಬೀಸುತ್ತಿದ್ದರು. ಚಂದ್ರಾಬಾಯಿ ಈಗ ಕಣ್ಣು ಮುಚ್ಚಿರಲಿಲ್ಲ.

ಲೇಹ್ ಹತ್ತಿರದ ಮೈದಾನದಲ್ಲಿ ಶಿವಾಜಿ ಕಾಯುತ್ತಿದ್ದರು. ಬಾಟಲಿ ನೋಡಿ ಅವರ ಮುಖ ಇಳಿದುಹೋಯಿತು. “ಯಾರು ಚೆಲ್ಲಿದ್ರಿದನ್ನ?”

ಅಶ್ಫಾಕ ಬಾಯಿ ತೆರೆಯುವ ಮೊದಲೇ, “ನಾನ್ರಿ,” ಎಂದಳು ಚಂದ್ರಾಬಾಯಿ, ವಿಮಾನದಿಂದ ಇನ್ನೂ ಇಳಿಯದೆ. “ನೀವು ಲ್ಯಾಬಿನ್ಯಾಗ ಇದ್ದಾಗ ಒಂದು ಬಾಟ್ಲಿದಾಗ ಎಷ್ಟು ತೊಗೋತಿದ್ರಿ, ಹೇಳ್ರಿ.”

ಶಿವಾಜಿ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.

“ಇರ್ಲಿ ಬಿಡ್ರಿ. ಹಸದೀರಿ, ಇದನ್ನ ಬಾಯಾಗ ಹಾಕ್ಕೋರಿ,” ಎಂದು ಅವಳು ಚೀಲದಿಂದ ಗಿಣ್ಣಿನ ಒಂದು ತುಂಡು ಕೊಟ್ಟಳು. ಗಟ್ಟಿತನದಲ್ಲಿ ಅದು ಕಲ್ಲಿಗಿಂತ ಒಂದು ಕೈ ಮೇಲಿತ್ತು. ಶಿವಾಜಿ ಅದನ್ನು ಎಡದವಡೆಯಿಂದ ಬಲದವಡೆಗೆ ಹೊರಳಿಸುತ್ತ, ಕೈಯಾಡಿಸುತ್ತ, ಏನೇನೋ ಹೇಳಲು ನೋಡಿದರು. ಅದು ಕರಗುವಷ್ಟರಲ್ಲಿ ಚಂದ್ರಾಬಾಯಿ ಸಾಮಾನಿನ ಪೆಟ್ಟಿಗೆ ಬಿಚ್ಚಿ, ನಾಳೆಯ ಸರೋವರಕ್ಕೆ ಅರ್ಧ ಲೀಟರಿನ ಬಾಟಲಿಗಳನ್ನೇ ಆರಿಸಿ ಸಾಲಾಗಿ ಇಟ್ಟಿದ್ದಳು.