ಮುರಿಯದ ಕೈಗೆ ಪ್ಲಾಸ್ಟರ್

ಆ ಗಾರ್ಮೆಂಟ್ ಕಾರ್ಖಾನೆಯಲ್ಲಿ ರಜೆ ಬೇಕಾದರೆ ರಕ್ತ ತೋರಿಸಬೇಕು, ಇಲ್ಲವೇ ಮೂಳೆ. ಬೇರೆ ಯಾವ ನೋವೂ ಅಲ್ಲಿನ ಸೂಪರ್‌ವೈಸರನ ಕಣ್ಣಿಗೆ ಬೀಳುವುದಿಲ್ಲ.

ಕಾಲರಕ್ಕನಿಗೆ ರಕ್ತ ಸುರಿಯುತ್ತಿರಲಿಲ್ಲ. ಷರಟಿಗೆ ಕಾಲರ್ ಕೂರಿಸುವವಳಾದ್ದರಿಂದ ಅವಳು ಕಾಲರಕ್ಕ. ನಿಜವಾದ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಆ ಲೈನಿನಲ್ಲಿ ಯಾರಿಗಿದೆ? ಕೆಲವು ತಿಂಗಳಿಂದ ಅವಳು ಬೆಳಗ್ಗೆ ಬಚ್ಚಲಲ್ಲಿ ಚೊಂಬು ಹಿಡಿದು ಕೂತರೆ ಕೂತೇ ಬಿಡುತ್ತಿದ್ದಳು. ದುಃಖ ಅನ್ನೋಣವೆಂದರೆ ಅದೂ ಅಲ್ಲ, ದುಃಖವಾಗಿದ್ದರೆ ಅತ್ತು ಮುಗಿಸಬಹುದಿತ್ತು. ಮೈಮೇಲೆ ನೀರು ಸುರಿದುಕೊಳ್ಳಲು ಕೈ ಎತ್ತಬೇಕು. ಯಾಕೆ ಎತ್ತಬೇಕೆಂದು ಹೊಳೆಯುತ್ತಿರಲಿಲ್ಲ.

ಮನೆಯಲ್ಲಿ ವೈದ್ಯರಿಗೇನೂ ಬರವಿರಲಿಲ್ಲ. “ಕೊಬ್ಬು,” ಎಂದರು ಅತ್ತೆ. “ಮೊಬೈಲು ಜಾಸ್ತಿ,” ಎಂದ ಗಂಡ, ತನ್ನ ಮೊಬೈಲಿನಿಂದ ತಲೆ ಎತ್ತದೆ. “ನಗ್ತಾ ಇರಮ್ಮ, ಎಲ್ಲ ಸರಿಹೋಗತ್ತೆ,” ಎಂದಳು ಎದುರುಮನೆಯಾಕೆ. ಕಾಲು ಮುರಿದವನಿಗೆ ‘ಕುಣಿ, ಸರಿಹೋಗುತ್ತೆ’ ಎನ್ನುವವರನ್ನು ನಾವು ಮೂರ್ಖರೆನ್ನುತ್ತೇವೆ. ಇವರನ್ನು ಹಿತೈಷಿಗಳು ಎನ್ನುತ್ತೇವೆ.

ಒಂದು ದಿನ ಅವಳು ಒಂದು ಕಟ್ಟು ಷರಟಿಗೆ ಕಾಲರನ್ನೆಲ್ಲ ತಿರುಗಾಮುರುಗಾ ಹೊಲಿದಳು. ಸೂಪರ್‌ವೈಸರ್ ಉಗಿದ. ಅವಳು ಉಗಿಸಿಕೊಂಡ ಹಾಗೂ ಕಾಣಲಿಲ್ಲ. ಪಕ್ಕದ ಮಷೀನಿನಲ್ಲಿ ಗುಂಡಿ ತೂರಿಸುವ ಕಾಜಾ ಹೊಲಿಯುವ ಬಾಯಿಬಡುಕಿ ಗೆಳತಿ, ಅವಳ ಹೆಸರೂ ಕಾಜಾ ಎಂದೇ, ಕಾಲರಕ್ಕನನ್ನು ಪಾಯಿಖಾನೆಗೆ ಎಳೆದೊಯ್ದಳು. ಕ್ಯಾಮೆರಾ ಇಲ್ಲದ ಜಾಗ ಅದೊಂದೇ.

“ಏನಕ್ಕ, ಯಾರಿಗಾದ್ರೂ ಮನಸ್ಸು ಕೊಟ್ಬಿಟ್ಯಾ?”

“ಕೊಡಕ್ಕೆ ಇರ್ಬೇಕಲ್ಲ. ರಾತ್ರಿ ಮಲಗಿದವಳು ಬೆಳಗ್ಗೆ ಏಳದೇ ಇದ್ರೆ ಸಾಕು ಅನ್ಸತ್ತೆ ಕಣೇ.”

ಕಾಜಾ ಅವಳ ಎರಡೂ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡಳು. ಆಮೇಲೆ ಸುತ್ತಿಬಳಸದೆ ಕೇಳಿದಳು: “ಸಾಯ್ಬೇಕು ಅನ್ಸತ್ತಾ?”

“ಒಂದೊಂದ್ಸಲ.”

“ನಡಿ.”

“ಎಲ್ಲಿಗೆ? ಶಿಫ್ಟು...”

“ಶಿಫ್ಟಿನ ಮನೆ ಹಾಳಾಗ!”

ದೊಡ್ಡಾಸ್ಪತ್ರೆಯ ಮನಸ್ಸಿನ ಡಾಕ್ಟರಮ್ಮ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು. “ಇದು ಖಿನ್ನತೆ. ಕಾಯಿಲೆ, ಸೋಮಾರಿತನ ಅಲ್ಲ. ವಾಸಿಯಾಗತ್ತೆ. ಆದ್ರೆ ನನ್ನ ನೆಗಡಿ ಹಂಗೆ ಬಿಟ್ಟುಬಿಟ್ರೆ ಹೋಗತ್ತೆ ಅಂದ್ಕೋಬೇಡಿ.” ಮಾತ್ರೆ ನುಂಗಬೇಕು, ಗುರುವಾರ ಗುರುವಾರ ಬಂದು ಮಾತಾಡಬೇಕು, ಸದ್ಯಕ್ಕೆ ಒಬ್ಬಳೇ ಇರಬಾರದು, ವಿಶ್ರಾಂತಿ ಬೇಕು.

ವಿಶ್ರಾಂತಿ ಅಂತೆ! ಹಿಂದೆ ಜೇಬು ಹೊಲಿಯುವವಳೊಬ್ಬಳು ಮನಸ್ಸಿಗೆ ಹುಷಾರಿಲ್ಲವೆಂದಾಗ, “ಹುಚ್ಚಿ ಕೈಗೆ ಸೂಜಿ ಕೊಡಲ್ಲ,” ಎಂದು ಸೂಪರ್‌ವೈಸರ್ ಗೇಟು ತೋರಿಸಿದ್ದ.

ಕಾಜಾಳ ಗಂಡ ಅದೇ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕಟ್ಟುವವನು. ಹೆಂಡತಿ ವಿಷಯ ಹೇಳಿದ್ದೇ ತಡ, “ಯಾವ ಕೈಗಕ್ಕ?” ಎಂದು ಬಳೆ ಅಂಗಡಿಯವನಂತೆ ಕೇಳಿದ.

ಆಮೇಲೆ ನೋಡಬೇಕಿತ್ತು ಪ್ಲಾಸ್ಟರಿನ ದರ್ಬಾರು! ಸೂಪರ್‌ವೈಸರ್, “ಪಾಪ, ರೆಸ್ಟ್ ತಗೋಮ್ಮ,” ಎಂದ. ಕೊಬ್ಬು ಎಂದಿದ್ದ ಅತ್ತೆ ತಲೆ ಬಾಚಿದರು, ತುತ್ತು ಮಾಡಿ ಬಾಯಿಗಿಟ್ಟರು. ಗಂಡ ಮೊಬೈಲು ಬದಿಗಿಟ್ಟು ಬಟ್ಟೆ ಒಗೆದ; ಬಿಳಿಯದೆಲ್ಲ ನೀಲಿಯಾಯಿತು, ಇರಲಿ. ಎದುರುಮನೆಯಾಕೆ ಕಿತ್ತಳೆ ತಂದಳು. ಹೆಂಗಸಿನ ಕಣ್ಣೀರಿಗೆ ಸಿಗದ ಮರ್ಯಾದೆ ಎರಡು ಹಿಡಿ ಬಿಳಿ ಪುಡಿಗೆ ಸಿಕ್ಕಿತು.

“ಇದೇನಿದು?” ಎಂದರು ಡಾಕ್ಟರಮ್ಮ, ಮುಂದಿನ ಗುರುವಾರ.

“ರಜಾ ಚೀಟಿ ಮೇಡಂ,” ಎಂದಳು ಕಾಜಾ.

ಡಾಕ್ಟರಮ್ಮ ಕೊಟ್ಟ ಮಾತ್ರೆ ಮನೆಯವರ ಪಾಲಿಗೆ ಮೂಳೆ ಮಾತ್ರೆ. ಮೊದಮೊದಲು ಬಾಯಿ ಒಣಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಅತ್ತೆ ತುತ್ತಿಟ್ಟಾಗ ಕಾಲರಕ್ಕ, “ಉಪ್ಪು ಜಾಸ್ತಿ,” ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ನಾಲಿಗೆ ತೆಗೆದ ಮೊದಲ ತಕರಾರು ಅದು. “ತಿನ್ನಿಸಿದ್ದಕ್ಕೆ ಇದು ಬೇರೆ!” ಎಂದು ಅತ್ತೆ ಬೈದರು. ಆ ಬೈಗುಳವೂ ಅವಳಿಗೆ ರುಚಿಸಿತು.

ಪ್ಲಾಸ್ಟರ್ ಬಿಚ್ಚಿಸುವ ದಿನ ಕಾಜಾಳನ್ನು ಬಿಟ್ಟು ಅತ್ತೆಯೇ ಜೊತೆಗೆ ಹೊರಟರು. “ಇವತ್ತಿಗೆ ಮುಗೀತಲ್ಲ. ಆ ಮಾತ್ರೆನೂ ಸಾಕು, ಗುರುವಾರದ ತಿರುಗಾಟನೂ ಸಾಕು.”

ಆಸ್ಪತ್ರೆಯ ಪಡಸಾಲೆಯಲ್ಲಿ ಕಾಲರಕ್ಕ ನಿಂತುಬಿಟ್ಟಳು. ಚೆನ್ನಾಗಿದ್ದೇನೆ ಅನ್ನಿಸಿದರೂ ಎಷ್ಟೋ ತಿಂಗಳು ಮಾತ್ರೆ ಬಿಡಬಾರದು ಎಂದಿದ್ದರು ಡಾಕ್ಟರಮ್ಮ. ಈಗ ಸುಮ್ಮನೆ ಕೈ ಬಿಚ್ಚಿಸಿಕೊಂಡರೆ ಅದರ ಜೊತೆ ಔಷಧಿಯೂ ಹೋಯಿತು. ಮತ್ತೆ ಅದೇ ಬಚ್ಚಲು, ಅದೇ ಚೊಂಬು.

“ಅತ್ತೆ, ಕೈ ಮುರಿದೇ ಇರ್ಲಿಲ್ಲ,” ಎಂದಳು. ಮಿಕ್ಕದ್ದನ್ನೂ ಹೇಳಿದಳು.

“ಹಂಗಾದ್ರೆ ನಾನು ತಲೆ ಬಾಚಿದ್ದು? ಮೂರು ಹೊತ್ತು ತಿನ್ನಿಸಿದ್ದು? ಕಳ್ಳಿ! ನನ್ನ ಸೊಂಟ ಬಿದ್ದುಹೋಯ್ತಲ್ಲೇ!” ಪಡಸಾಲೆಯ ರೋಗಿಗಳೆಲ್ಲ ತಮ್ಮ ರೋಗ ಮರೆತು ತಿರುಗಿ ನೋಡಿದರು.

“ಮನಸ್ಸಿಗೆ ಹುಷಾರಿಲ್ಲ ಅಂದಿದ್ರೆ ಬಾಚ್ತಿದ್ರಾ?”

ಅತ್ತೆ ಎಷ್ಟೇ ಜೋರಾದರೂ ಸುಳ್ಳು ಹೇಳುವ ಹೆಂಗಸಲ್ಲ. “ಇಲ್ಲ,” ಎಂದರು. ಆಮೇಲೆ ದನಿ ತಗ್ಗಿತು. “ಸಾಯ್ಬೇಕು ಅನ್ಕೊಂಡಿದ್ಯಾ? ನಾನು ಪಕ್ಕದ ರೂಮಲ್ಲೇ ಇದ್ನಲ್ಲೇ.”

“ಹೂಂ.”

ಅತ್ತೆ ಅಂಗೈಯಿಂದ ಮುಖ ಒರೆಸಿಕೊಂಡರು. “ಆ ಡಾಕ್ಟ್ರು ಯಾವ ರೂಮು? ನಡಿ, ನಾನೇ ವಿಚಾರಿಸ್ಕೋತೀನಿ.”

ವಿಚಾರಿಸಿಕೊಂಡರು ಕೂಡ, ಪೊಲೀಸರ ಹಾಗೆ. ಮಾತ್ರೆ ಚಟ ಆಗತ್ತಾ? ಮತ್ತೆ ಬರತ್ತಾ? ಕೊನೆಗೆ, ಗೋಡೆ ನೋಡುತ್ತಾ, “ನನ್ನಿಂದ ಬಂತಾ?”

“ಒಬ್ಬರಿಂದ ಬರೋ ಕಾಯಿಲೆ ಅಲ್ಲಮ್ಮ. ಆದ್ರೆ ನೀವು ತಲೆ ಬಾಚಿದ್ರಲ್ಲ, ಅದು ಕೆಲಸ ಮಾಡಿದೆ.”

ಅತ್ತೆ ಯೋಚಿಸಿದರು. “ಹಂಗಾದ್ರೆ ಇನ್ನೊಂದು ಕೈಗೂ ಹಾಕ್ಬಿಡಿ. ಫ್ಯಾಕ್ಟ್ರಿಯವರಿಗೂ ಸಮಾಧಾನ.”

ಕಾಲರಕ್ಕ ನಕ್ಕಳು. “ಬೇಡ ಅತ್ತೆ. ಕೈ ಆದ್ಮೇಲೆ ಕಾಲು, ಆಮೇಲೆ ಕುತ್ತಿಗೆ. ಎಷ್ಟು ಅಂತ ಮುರ್ಕೊಳ್ಳೋದು? ನಾಳೆ ಬಾಯಿಬಿಟ್ಟು ಹೇಳ್ಬಿಡ್ತೀನಿ.”

ಮರುದಿನ ಮಷೀನುಗಳ ಗದ್ದಲದಲ್ಲಿ ಹೇಳಿಯೇಬಿಟ್ಟಳು: “ಸರ್, ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗ್ಬೇಕು. ಕೈಗಲ್ಲ. ಖಿನ್ನತೆ, ಮನಸ್ಸಿನ ಕಾಯಿಲೆ.”

“ಹುಚ್ಚಿ...” ಎಂದು ಸೂಪರ್‌ವೈಸರ್ ಶುರು ಮಾಡಿದ.

ಕಾಜಾ ಮಷೀನ್ ಆಫ್ ಮಾಡಿದಳು. “ಸರಿಯಾಗಿ ಕೇಳಿಸ್ಲಿಲ್ಲ ಸರ್, ಇನ್ನೊಂದ್ಸಲ ಹೇಳಿ.”

ತೋಳು ಕೂರಿಸುವವಳೂ ಆಫ್ ಮಾಡಿದಳು. ಹಿಂದಿನ ಸಾಲಿನವಳೂ, ಅವಳ ಹಿಂದಿನವಳೂ. ಸದ್ದು ನಿಂತ ಕಾರ್ಖಾನೆಯಲ್ಲಿ ಬಯ್ಯುವುದು ಬಲು ಕಷ್ಟದ ಕೆಲಸ. ಆಡಿದ ಒಂದೊಂದು ಅಕ್ಷರವೂ ಎಲ್ಲರಿಗೂ ಕೇಳಿಸುತ್ತದೆ.

ಅವನು ಸುತ್ತ ನೋಡಿದ. ಕೆಮ್ಮಿದ.

“ಗುರುವಾರ ಎಷ್ಟು ಗಂಟೆಗೆ?”

“ಎರಡಕ್ಕೆ,” ಎಂದು ಕಾಲರಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು.